ಉಣ್ಣೆಯೂ ಬಸುರಿಯ ಪ್ರಶ್ನೆಯೂ

ಮೈಸೂರಿನಿಂದ ಪಡುವಲಿಗೆ ಹೊರಟ ಬಸ್ಸು ಇಲವಾಲವನ್ನು ಹಿಂದಕ್ಕೆ ಬಿಟ್ಟು ಬಿಳಿಕೆರೆಗೆ ಬಂದಾಗ ದಾರಿ ಕವಲೊಡೆಯುತ್ತದೆ. ಒಂದು ಕವಲು ಕೃಷ್ಣರಾಜನಗರದ ಮೇಲೆ ಹಾಸನದ ಕಡೆಗೆ ತಿರುಗಿದರೆ, ಇನ್ನೊಂದು ಹುಣಸೂರು ಪಿರಿಯಾಪಟ್ಟಣಗಳನ್ನು ಹಾದು ಕೊಡಗಿನತ್ತ ಸಾಗುತ್ತದೆ. ಈ ಎರಡನೆಯ ದಾರಿಯನ್ನು ಹಿಡಿದವರಿಗೆ ಎಡಗಡೆಯಲ್ಲಿ ಹೊಗೆಸೊಪ್ಪಿನ ಹೊಲಗಳಾಚೆ, ಹೆಗ್ಗಡದೇವನಕೋಟೆಯ ಸೀಮೆಯವರೆಗೂ ಹಬ್ಬಿದ ನಾಗರಹೊಳೆಯ ಕಾಡಿದೆ. ಆನೆಯನ್ನೂ ಹುಲಿಯನ್ನೂ ನೋಡಬೇಕೆಂದು ಪಟ್ಟಣದವರು ಅಲ್ಲಿಗೆ ಹೋಗುತ್ತಾರೆ. ಆ ಕಾಡಿನಲ್ಲಿ ಎಳ್ಳುಕಾಳಿಗಿಂತ ದೊಡ್ಡದಲ್ಲದ ಇನ್ನೊಂದು ಪ್ರಾಣಿಯೂ ಇದೆ. ಅದನ್ನು ನೋಡಲು ಯಾರೂ ಹೋಗುವುದಿಲ್ಲ. ಅದೇ ಮೈಮೇಲೆ ಹತ್ತಿ ಬರುತ್ತದೆ. ಅದೇ ಉಣ್ಣೆ.

ಕಂಬಳಿ ನೇಯುವ ಉಣ್ಣೆಯಲ್ಲ. ದನದ ಕೆಚ್ಚಲಿಗೂ ನಾಯಿಯ ಕಿವಿಗೂ ಕಚ್ಚಿಕೊಂಡು ನೆತ್ತರು ಹೀರುವ ಉಣ್ಣೆ. ಮಲೆನಾಡಿನವರು ಇದನ್ನು ಉಣುಗು ಎನ್ನುತ್ತಾರೆ. ಹಾಲಿನ ಪಕ್ಕದಲ್ಲೇ ಇದ್ದು ಹಾಲನ್ನು ಕಾಣದ ಪ್ರಾಣಿಯೆಂದು ನಮ್ಮ ಹಿರಿಯರು ಇದನ್ನು ಅರಸಿಕರಿಗೆ ಹೋಲಿಸಿ ನಕ್ಕರು. ಹೆಂಗಸರು ಸಂಜೆ ಹಸುವಿನ ಮೈಯಿಂದ ಇದನ್ನು ಕಿತ್ತು ಕೆಂಡಕ್ಕೆ ಹಾಕುವುದು ಹಳ್ಳಿಯಲ್ಲಿ ಹೊಸ ನೋಟವೇನೂ ಅಲ್ಲ. ಹಾಗೆ ಕೀಳುವವಳು ಬಸುರಿಯಾಗಿದ್ದು, ಆ ಹುಳು ಅವಳನ್ನೇ ಕಚ್ಚಿದ್ದರೆ? ಅವಳ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ತನ್ನ ವಿಷಯವಾಗಿರುವುದಿಲ್ಲ. ‘ಮಗುವಿಗೆ ಏನಾದರೂ ಆದೀತೆ?’ ಎಂಬುದಾಗಿರುತ್ತದೆ. ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ವೈದ್ಯಶಾಸ್ತ್ರ ನಾಲ್ಕು ದಶಕಗಳಿಂದ ನಡೆದಿದೆ. ಆ ನಡಿಗೆಯ ಇತಿಹಾಸ ನಮ್ಮ ಕಾಡಂಚಿನ ಊರುಗಳಿಗೂ ಸಂಬಂಧಿಸಿದುದಾದ್ದರಿಂದ ಅದನ್ನು ಇಲ್ಲಿ ಹೇಳಬೇಕೆನಿಸಿತು.

ಕಥೆ ಮೊದಲಾಗುವುದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಪಾಲಿ ಮರ್ರೆ ಎಂಬ ಗೃಹಿಣಿ ಇದ್ದರು. ಅವರಿಗೂ ಅವರ ಗಂಡನಿಗೂ ಮಕ್ಕಳಿಗೂ ವರ್ಷಗಟ್ಟಲೆ ವಿಚಿತ್ರವಾದ ಕಾಯಿಲೆ: ಮೈಮೇಲೆ ಕೆಂಪು ದದ್ದು, ಜ್ವರ, ಮಂಡಿಯ ಬಾವು, ಆಯಾಸ. ವೈದ್ಯರಿಂದ ವೈದ್ಯರಿಗೆ ಅಲೆದರು. ಇದು ಮನಸ್ಸಿನ ಕಾಯಿಲೆಯೆಂದು ಹೇಳಿದವರೂ ಉಂಟು. ಆ ತಾಯಿ ಎದೆಗುಂದದೆ ಎಲ್ಲವನ್ನೂ ಬರೆದಿಡುತ್ತ ಹೋದರು: ಯಾರಿಗೆ, ಯಾವಾಗ, ಎಲ್ಲಿ, ಹೇಗೆ. ನೆರೆಹೊರೆಯಲ್ಲಿ ಇಂಥದೇ ನೋವಿದ್ದವರ ಹೆಸರುಗಳನ್ನೂ ಪಟ್ಟಿ ಮಾಡಿದರು. ಅದೇ ಸೀಮೆಯ ಓಲ್ಡ್ ಲೈಮ್ ಊರಿನ ಜೂಡಿತ್ ಮೆನ್ಷ್ ಎಂಬ ಇನ್ನೊಬ್ಬ ತಾಯಿಗೂ ಅದೇ ಅನುಮಾನ. ಅವರ ಮಗಳಿಗೆ ಮಕ್ಕಳ ಸಂಧಿವಾತವೆಂದು ಹೆಸರಿಟ್ಟಿದ್ದರು. ಒಂದೇ ಬೀದಿಯಲ್ಲಿ ಇಷ್ಟು ಮಕ್ಕಳಿಗೆ ಅಷ್ಟು ಅಪರೂಪದ ರೋಗ ಬರುವುದುಂಟೆ? 1975ರಲ್ಲಿ ಈ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆಯೇ ಸಂಸ್ಥಾನದ ಆರೋಗ್ಯ ಇಲಾಖೆಗೆ ದೂರು ಮುಟ್ಟಿಸಿದರು.

ಯೇಲ್ ವಿಶ್ವವಿದ್ಯಾಲಯದ ತರುಣ ವೈದ್ಯ ಆಲೆನ್ ಸ್ಟೀರ್ ಆ ಪಟ್ಟಿಯನ್ನು ಕೈಗೆತ್ತಿಕೊಂಡರು. ಅಕ್ಕಪಕ್ಕದ ಮೂರು ಊರುಗಳ ಸುಮಾರು 12,000 ಜನರಲ್ಲಿ 51 ಮಂದಿಗೆ ಒಂದೇ ಬಗೆಯ ಕೀಲುಬಾವು ಇರುವುದನ್ನು ಅವರೂ ಅವರ ಸಂಗಡಿಗರೂ ಕಂಡು 1977ರಲ್ಲಿ ಪ್ರಕಟಿಸಿದರು. ಆ 51ರಲ್ಲಿ 39 ಮಂದಿ ಮಕ್ಕಳೇ. ಕಾಯಿಲೆಗೆ ಮುನ್ನ ಚರ್ಮದ ಮೇಲೆ ಹರಡಿಕೊಳ್ಳುವ ಕೆಂಪು ಬಳೆಯನ್ನು ಕಂಡ ನೆನಪು 13 ಮಂದಿಗಿತ್ತು. ಆ ಕೆಂಪು ಬಳೆಯನ್ನು 1909ರಲ್ಲೇ ಸ್ವೀಡನ್ನಿನ ಚರ್ಮವೈದ್ಯ ಆರ್ವಿಡ್ ಅಫ್ಸೇಲಿಯುಸ್ ವರ್ಣಿಸಿ, ಉಣ್ಣೆಯ ಕಡಿತದೊಡನೆ ಗಂಟು ಹಾಕಿದ್ದರು. ಎರಡು ಖಂಡಗಳ ಎರಡು ತುಣುಕುಗಳು ಹೀಗೆ ಕೂಡಿಕೊಂಡವು. ಉಳಿದದ್ದು ಉಣ್ಣೆಯ ಹೊಟ್ಟೆಯಲ್ಲಿರುವುದೇನು ಎಂಬುದು. 1981ರಲ್ಲಿ ವಿಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಬೇರೊಂದು ಜ್ವರದ ಮೂಲವನ್ನು ಹುಡುಕುತ್ತ ನ್ಯೂಯಾರ್ಕ್ ಬಳಿಯ ದ್ವೀಪವೊಂದರ ಉಣ್ಣೆಗಳ ಕರುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅಲ್ಲಿ ತಿರುಪಿನಂತೆ ಸುರುಳಿ ಸುತ್ತಿದ ಸಣ್ಣ ಜೀವಾಣುಗಳು ಕಂಡುಬಂದವು. ಮರುವರ್ಷ ಸುದ್ದಿ ಪ್ರಕಟವಾಯಿತು. ಜೀವಾಣುವಿಗೆ ಅವರ ಹೆಸರೇ ನಿಂತಿತು: ಬೊರೇಲಿಯ ಬರ್ಗ್‌ಡಾರ್ಫೆರಿ. ರೋಗಕ್ಕೆ ಊರಿನ ಹೆಸರು ನಿಂತಿತು: ಲೈಮ್ ರೋಗ.

ಸುರುಳಿ ಜೀವಾಣುವೆಂದ ಕೂಡಲೆ ಹೆರಿಗೆ ವೈದ್ಯರ ಎದೆ ಧಸಕ್ಕೆಂದಿತು. ಕಾರಣವಿಲ್ಲದೆ ಅಲ್ಲ. ಸಿಫಿಲಿಸ್ ರೋಗದ ಜೀವಾಣುವೂ ಇದೇ ಬಳಗದ್ದು. ಅದು ತಾಯಿಯ ನೆತ್ತರಿನಿಂದ ಮಾಸನ್ನು ದಾಟಿ ಹೊಟ್ಟೆಯ ಕೂಸಿಗೆ ತಗಲುವುದು ವೈದ್ಯರಿಗೆ ಬಹುಕಾಲದಿಂದ ತಿಳಿದಿದ್ದ ಮಾತು. ಮಾಸೆಂಬ ಬೇಲಿ ಭದ್ರವಾದುದೆಂಬ ನಂಬಿಕೆಗೆ ಇನ್ನೊಂದು ಪೆಟ್ಟು 1941ರಲ್ಲಿ ಬಿದ್ದಿತ್ತು. ಆಸ್ಟ್ರೇಲಿಯದ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರ ಬಳಿಗೆ ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ಹೊರಗೆ ಕಾದು ಕುಳಿತ ತಾಯಂದಿರು, ತಾವು ಬಸುರಿಯಾಗಿದ್ದಾಗ ಜರ್ಮನ್ ದಡಾರ ಬಂದಿತ್ತೆಂದು ತಮ್ಮತಮ್ಮಲ್ಲೇ ಆಡಿಕೊಂಡ ಮಾತು ಅವರ ಕಿವಿಗೆ ಬಿತ್ತೆನ್ನುತ್ತಾರೆ. ಅವರು 78 ಕೂಸುಗಳ ವಿವರ ಕಲೆಹಾಕಿ ಲೋಕಕ್ಕೆ ಹೇಳಿದರು. ಲೈಮ್ ಊರಿನಲ್ಲೂ ಸಿಡ್ನಿಯಲ್ಲೂ ಸುಳಿವು ಕೊಟ್ಟವರು ತಾಯಂದಿರೇ ಎಂಬುದನ್ನು ವಾಚಕರು ಗಮನಿಸಬೇಕು.

ಹೀಗಿರಲು 1985ರಲ್ಲಿ ಮೊದಲ ಸಾಕ್ಷ್ಯ ಬಂತು. ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಹೆಂಗಸೊಬ್ಬಳಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ಲೈಮ್ ರೋಗ ತಗಲಿತ್ತು, ಚಿಕಿತ್ಸೆ ದೊರೆತಿರಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಹೃದಯದ ದೋಷದಿಂದ ಮೊದಲ ವಾರದೊಳಗೇ ತೀರಿಕೊಂಡಿತು. ಶ್ಲೆಸಿಂಜರ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಗುಲ್ಮ, ಮೂತ್ರಪಿಂಡ ಮತ್ತು ಮೂಳೆಯ ಮಜ್ಜೆಯಲ್ಲಿ ಸುರುಳಿ ಜೀವಾಣುಗಳು ಕಂಡವು. ಮಾಸನ್ನು ಜೀವಾಣು ದಾಟಬಲ್ಲದೆಂಬುದು ಇದರಿಂದ ತಿಳಿಯಿತು. ಆದರೆ ಕೂಸಿನ ಮೈಯಲ್ಲಿ ಜೀವಾಣು ಇತ್ತೆಂಬುದು ಒಂದು ಮಾತು. ಹೃದಯ ಕೆಟ್ಟದ್ದು ಅದರಿಂದಲೇ ಎಂಬುದು ಇನ್ನೊಂದು ಮಾತು. ಮೊದಲನೆಯದು ಕಣ್ಣಿಗೆ ಕಂಡದ್ದು, ಎರಡನೆಯದು ಊಹೆ. ಭಯ ಈ ಎರಡನ್ನೂ ಒಂದೇ ಮಾಡಿತು.

ಮರುವರ್ಷ, 1986ರಲ್ಲಿ, ಅಮೆರಿಕದ ರೋಗನಿಯಂತ್ರಣ ಕೇಂದ್ರದ ವೈದ್ಯರು 19 ಬಸುರಿಯರ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಐವರ ಮಕ್ಕಳಿಗೆ ತೊಂದರೆಯಾಗಿತ್ತು. ಒಂದಕ್ಕೆ ಬೆರಳುಗಳು ಕೂಡಿಕೊಂಡಿದ್ದವು. ಒಂದಕ್ಕೆ ಮೆದುಳಿನ ಕಾರಣದಿಂದ ಕುರುಡು. ಒಂದು ಹೊಟ್ಟೆಯಲ್ಲೇ ಸತ್ತಿತು. ಒಂದು ದಿನ ತುಂಬದೆ ಹುಟ್ಟಿತು. ಇನ್ನೊಂದಕ್ಕೆ ಮೈಮೇಲೆ ದದ್ದು. ಐದು ಮಕ್ಕಳಿಗೆ ಐದು ಬಗೆ. ಜರ್ಮನ್ ದಡಾರಕ್ಕೆ ಕಣ್ಣು, ಕಿವಿ, ಹೃದಯವೆಂಬ ಗುರುತು ಇದ್ದಂತೆ ಇದಕ್ಕೊಂದು ಗುರುತು ಸಿಗಲಿಲ್ಲ. ಇವೆಲ್ಲ ಲೈಮ್‌ನಿಂದಲೇ ಆದುವೆಂದು ಹೇಳಲಾಗದೆಂದು ಬರೆದವರೇ ಒಪ್ಪಿಕೊಂಡರು. ಆದರೂ ಪತ್ರಿಕೆಗಳಲ್ಲಿ ಸುದ್ದಿ ಹಬ್ಬಿ, ಉಣ್ಣೆ ಕಚ್ಚಿತೆಂಬ ಮಾತ್ರಕ್ಕೇ ಬಸುರಿಯರು ಕಂಗಾಲಾದ ಕಾಲ ಅದು.

ಒಂದೆರಡು ದುರಂತಗಳಿಂದ ನಿಯಮ ಮಾಡಲಾಗದು, ಎಣಿಸಬೇಕು. ಎಣಿಕೆಯ ಕಾಲ 1990ರ ದಶಕದಲ್ಲಿ ಬಂತು. ಉಣ್ಣೆಯ ಕಾಟ ಹೆಚ್ಚಾಗಿದ್ದ ನ್ಯೂಯಾರ್ಕಿನ ವೆಸ್ಟ್‌ಚೆಸ್ಟರ್ ಪ್ರಾಂತದಲ್ಲಿ ಬಾರ್ಬರಾ ಸ್ಟ್ರೋಬಿನೊ ಮತ್ತು ಸಂಗಡಿಗರು ಸುಮಾರು 2,000 ಬಸುರಿಯರನ್ನು ಮೊದಲ ಭೇಟಿಯಿಂದ ಹೆರಿಗೆಯವರೆಗೆ ಹಿಂಬಾಲಿಸಿ 1993ರಲ್ಲಿ ವರದಿ ಮಾಡಿದರು. 1995ರಲ್ಲಿ ವಿಲಿಯಮ್ಸ್ ಮತ್ತು ಸಂಗಡಿಗರು ಉಣ್ಣೆಯಿರುವ ಸೀಮೆಯಿಂದ ಅರ್ಧ, ಇಲ್ಲದ ಸೀಮೆಯಿಂದ ಅರ್ಧ ಎಂಬಂತೆ ಸುಮಾರು 5,000 ಕೂಸುಗಳ ಹೊಕ್ಕುಳಬಳ್ಳಿಯ ನೆತ್ತರನ್ನು ಪರೀಕ್ಷಿಸಿದ ಲೆಕ್ಕ ಬಂತು. 1999ರಲ್ಲಿ ಹುಟ್ಟುಹೃದ್ರೋಗದ ಮಕ್ಕಳನ್ನೂ ಆರೋಗ್ಯವಂತ ಮಕ್ಕಳನ್ನೂ ಹೋಲಿಸಿ, ತಾಯಿಗೆ ಹಿಂದೆ ಉಣ್ಣೆ ಕಚ್ಚಿತ್ತೆ, ಲೈಮ್ ಇತ್ತೆ ಎಂದು ವಿಚಾರಿಸಿದರು. ಇದಕ್ಕೂ ಮುನ್ನ 1994ರಲ್ಲಿ ಅಮೆರಿಕದ ಮಕ್ಕಳ ನರರೋಗ ತಜ್ಞರನ್ನು ಕಾಗದ ಬರೆದು ಕೇಳಿದ್ದೂ ಆಗಿತ್ತು. ನಾಲ್ಕು ಕಡೆಯ ಉತ್ತರವೂ ಸಮಾಧಾನದ್ದೇ: ಲೈಮ್‌ಗೂ ಹುಟ್ಟುದೋಷಕ್ಕೂ ನಂಟು ಕಾಣಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ಹಲವರು ಪುಸ್ತಕ ಮುಚ್ಚಿದರು. ಆದರೆ ಎಣಿಕೆಗೂ ಒಂದು ದೌರ್ಬಲ್ಯವಿದೆ. ದೊಡ್ಡ ಬಲೆ ಬೀಸಿದರೂ ಬಲೆಗೆ ಬಿದ್ದ ಮೀನು ಕೆಲವೇ. ಆ 2,000 ಬಸುರಿಯರಲ್ಲಿ ನಿಜವಾಗಿ ಲೈಮ್ ತಗಲಿದ್ದವರು ಬೆರಳೆಣಿಕೆಯಷ್ಟು. ತಗಲಿದವರಿಗೂ ಹೆಚ್ಚಾಗಿ ಔಷಧ ಸಿಕ್ಕಿತ್ತು. ಅಪರೂಪದ ಹಾನಿಯೊಂದು ಇದ್ದರೆ ಇಂಥ ಎಣಿಕೆಯ ಕಣ್ಣು ತಪ್ಪಿಸಿ ಹೋಗುವುದು ಸಾಧ್ಯ. ‘ಕಾಣಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ನಡುವೆ ಇರುವ ಅಂತರ ನಮ್ಮ ನ್ಯಾಯಶಾಸ್ತ್ರದ ಪಂಡಿತರಿಗೆ ಹೊಸದಲ್ಲ.

ಆದುದರಿಂದ ಮುಂದಿನವರು ಪ್ರಶ್ನೆಯನ್ನೇ ಬದಲಿಸಿದರು. ಹಾನಿ ಇದೆಯೆ ಇಲ್ಲವೆ ಎಂದು ಕೇಳುವುದಕ್ಕೆ ಬದಲು, ಚಿಕಿತ್ಸೆ ಪಡೆದ ತಾಯಿಗೂ ಪಡೆಯದ ತಾಯಿಗೂ ವ್ಯತ್ಯಾಸವೇನು ಎಂದು ಕೇಳಿದರು. ಸ್ಲೊವೇನಿಯದ ಲ್ಯುಬ್ಲಿಯಾನ ನಗರದಲ್ಲಿ ವೇರಾ ಮರಾಸ್ಪಿನ್ ಮತ್ತು ಸಂಗಡಿಗರು ಕೆಂಪು ಬಳೆ ಕಂಡ 105 ಬಸುರಿಯರ ಫಲವನ್ನು 1999ರಲ್ಲಿ ವರದಿ ಮಾಡಿದರು. ಬಹುತೇಕ ಎಲ್ಲರಿಗೂ ಎರಡು ವಾರ ಸೂಜಿಮದ್ದು ಕೊಟ್ಟಿದ್ದರು. 93 ಮಂದಿಗೆ ದಿನ ತುಂಬಿ ಆರೋಗ್ಯವಂತ ಮಕ್ಕಳು ಹುಟ್ಟಿದವು. ಹಂಗೆರಿಯಲ್ಲಿ ಲಾಕೋಶ್ ಮತ್ತು ಶೋಯ್‌ಮೋಶಿ 95 ಬಸುರಿಯರ ಲೆಕ್ಕವನ್ನು 2010ರಲ್ಲಿ ಪ್ರಕಟಿಸಿದರು. ಸೂಜಿಮದ್ದು ಪಡೆದ 66 ಮಂದಿಯಲ್ಲಿ 8, ಮಾತ್ರೆ ನುಂಗಿದ 19 ಮಂದಿಯಲ್ಲಿ 6, ಏನೂ ಪಡೆಯದ 10 ಮಂದಿಯಲ್ಲಿ 6 ಬಸಿರುಗಳಿಗೆ ಒಂದಲ್ಲ ಒಂದು ತೊಂದರೆ ತಗಲಿತ್ತು. ಮತ್ತೆ 2018ರಲ್ಲಿ ಕೆನಡದ ಲೀಸಾ ವಡೆಲ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಬರಹಗಳನ್ನೆಲ್ಲ ಜಾಲಾಡಿ ಒಟ್ಟು ಲೆಕ್ಕ ಹಾಕಿದಾಗ, ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 11, ಪಡೆಯದವರಲ್ಲಿ ನೂರಕ್ಕೆ 50 ಬಸಿರುಗಳು ಸುಸೂತ್ರವಾಗಿರಲಿಲ್ಲ. ಪಡೆಯದವರ ಸಂಖ್ಯೆ ಬಹಳ ಸಣ್ಣದು. ಆದ್ದರಿಂದ ಐವತ್ತೆಂಬ ಅಂಕಿಯನ್ನು ಕಲ್ಲಿನಲ್ಲಿ ಕೊರೆಯಬೇಕಾಗಿಲ್ಲ. ಬಸಿರಿನಲ್ಲಿ ತೊಂದರೆಗಳು ಬೇರೆ ನೂರು ಕಾರಣಗಳಿಂದಲೂ ಬರುತ್ತವೆ. ಆದರೆ ಕೈಮರ ತೋರಿಸುವ ದಿಕ್ಕು ಒಂದೇ.

ಈ ದೀರ್ಘ ನಡಿಗೆಯ ಫಲವಾಗಿ ಇಂದು ಬಸುರಿಗೆ ಹೇಳಬಹುದಾದ ಮಾತು ಇಷ್ಟು. ಚಿಕಿತ್ಸೆಯಿಲ್ಲದ ಲೈಮ್ ರೋಗ ಮಾಸಿಗೆ ತಗಲಬಹುದು. ಕೂಸಿಗೆ ದಾಟುವುದು ಸಾಧ್ಯ, ಆದರೆ ಅಪರೂಪ. ಸಕಾಲದಲ್ಲಿ ಔಷಧ ಪಡೆದ ತಾಯಿಯ ಮಗುವಿಗೆ ಹಾನಿಯಾದ ಸಾಕ್ಷ್ಯವಿಲ್ಲ. ಇತರರಿಗೆ ಕೊಡುವ ಡಾಕ್ಸಿಸೈಕ್ಲಿನ್ ಬದಲು ಬಸುರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್‌ನಂಥ ಔಷಧ ಕೊಡುತ್ತಾರೆ. ಮೊಲೆಹಾಲಿನಿಂದ ರೋಗ ಹರಡಿದ ವರದಿಯೇ ಇಲ್ಲ. ಮಕ್ಕಳು ಬೆಳೆದು ಶಾಲೆಗೆ ಹೋಗುವ ವಯಸ್ಸಿನವರೆಗೆ ಅವರನ್ನು ಹಿಂಬಾಲಿಸಿದ ಅಧ್ಯಯನಗಳು ಮಾತ್ರ ಬಲು ಕಡಿಮೆ. ಹೆಚ್ಚಿನವರ ಲೆಕ್ಕದ ಪುಸ್ತಕ ಹೆರಿಗೆಯ ಕೋಣೆಯಲ್ಲೇ ಮುಚ್ಚಿಹೋಗಿದೆ.

ಇದು ದೂರದ ಅಮೆರಿಕ ಯೂರೋಪುಗಳ ಕಥೆಯಾಯಿತು, ನಮಗೇನು ಎನ್ನಬಹುದು. ಉಣ್ಣೆಯ ಪಾಠವನ್ನು ಕರ್ನಾಟಕ ಬಹಳ ಹಿಂದೆಯೇ ಕಲಿತಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಹಳ್ಳಿಗರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ಅದು ಹಳದಿ ಜ್ವರವಲ್ಲ, ಉಣ್ಣೆಯಿಂದ ಹರಡುವ ಹೊಸದೊಂದು ವೈರಸ್ ಎಂದು ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ಮಂಗ ಸತ್ತರೆ ಮನುಷ್ಯನಿಗೂ ಕೇಡು ಎಂದು ಮೊದಲು ಅರಿತವರು ಪ್ರಯೋಗಶಾಲೆಯವರಲ್ಲ, ಕಾಡಂಚಿನ ಜನ. ಬಹುಕಾಲ ಮಲೆನಾಡಿನದೇ ಎನಿಸಿದ್ದ ಆ ರೋಗ 2012ರಲ್ಲಿ ಬಂಡೀಪುರದ ಕಾಡಿನಲ್ಲಿಯೂ 2013ರಲ್ಲಿ ಹೆಗ್ಗಡದೇವನಕೋಟೆಯ ಗಡಿಯಾಚೆಯ ವಯನಾಡಿನಲ್ಲಿಯೂ ಕಾಣಿಸಿಕೊಂಡಿತು.

ಮಂಗನ ಕಾಯಿಲೆ ಬೇರೆ, ಲೈಮ್ ಬೇರೆ; ಒಂದು ವೈರಸ್, ಇನ್ನೊಂದು ಸುರುಳಿ ಜೀವಾಣು. ಆದರೆ ಲೈಮ್‌ನ ಸುಳಿವೂ ನಮ್ಮ ಕಾಡಿನಲ್ಲಿ ದೊರೆತಿದೆ. ಅದನ್ನು ಹುಡುಕಿದವರು ಗ್ರೆಗ್ ಅವರಂತೆಯೇ ಕಣ್ಣಿನ ವೈದ್ಯರು ಎಂಬುದೊಂದು ಸೋಜಿಗ. ಲೈಮ್ ರೋಗ ಕಣ್ಣಿನ ಒಳಪದರಕ್ಕೂ ನರಕ್ಕೂ ಬಾವು ತರಬಲ್ಲದು. ಬೆಂಗಳೂರಿನ ಕಲ್ಪನಾ ಬಾಬು ಮತ್ತು ಸಂಗಡಿಗರು ಬಂಡೀಪುರ ಮತ್ತು ನಾಗರಹೊಳೆ ಕಾಡುಗಳ ಆಸುಪಾಸಿನ ಜನರ ನೆತ್ತರನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ ಸುಮಾರು 20 ಮಂದಿಯಲ್ಲಿ ಈ ಜೀವಾಣುವಿನ ವಿರುದ್ಧ ಪ್ರತಿಕಾಯಗಳಿದ್ದವು.

ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಪ್ರತಿಕಾಯ ಇದ್ದವರೆಲ್ಲ ರೋಗಿಗಳಲ್ಲ. ಎಂದೋ ಜೀವಾಣು ಮೈಹೊಕ್ಕಿತ್ತೆಂಬುದಕ್ಕೆ ಅದು ಗುರುತು, ಅಷ್ಟೆ. ಸಿಫಿಲಿಸ್‌ನಂಥ ಅದೇ ಬಳಗದ ಬೇರೆ ರೋಗಗಳೂ ಈ ಪರೀಕ್ಷೆಯನ್ನು ಕೆಲವೊಮ್ಮೆ ಮೋಸಗೊಳಿಸುತ್ತವೆ. ಅಮೆರಿಕದಲ್ಲಿ ಲೈಮ್ ಹರಡುವ ಕಪ್ಪುಗಾಲಿನ ಉಣ್ಣೆಯಂತೂ ನಮ್ಮ ಕಾಡಿನದಲ್ಲ. ಹುಣಸೂರಿನ ಬಸುರಿಗೆ ಜ್ವರ ಬಂದರೆ ಮೊದಲು ಅನುಮಾನಿಸಬೇಕಾದದ್ದು ಡೆಂಗಿಯನ್ನು, ಇಲಿಜ್ವರವನ್ನು, ಪೊದೆಯ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ಸನ್ನು. ಕಡೆಯದು ಬಸಿರಿಗೆ ಬಹಳ ಕೇಡು ಮಾಡಬಲ್ಲದೆಂದು ದಕ್ಷಿಣ ಭಾರತದ ಆಸ್ಪತ್ರೆಗಳಲ್ಲೇ ಕಂಡಿದ್ದಾರೆ. ಹಾಗೆಂದು ನೂರಕ್ಕೆ 20 ಎಂಬುದನ್ನು ಕಡೆಗಣಿಸಲೂ ಆಗದು. ಆ ವರದಿ ಬಸುರಿಯರನ್ನು ಕುರಿತದ್ದಲ್ಲ. ಆದರೆ ಆ ಕಾಡಂಚಿನಲ್ಲಿ ಸೌದೆಗೆ ಹೋಗುವವರು, ದನ ಕಟ್ಟಿ ಹಾಲು ಕರೆಯುವವರು, ಜೇನುಕುರುಬರ ಹಾಡಿಗಳಲ್ಲಿ ಗೆಡ್ಡೆ ಸೊಪ್ಪು ತರುವವರು ಹೆಂಗಸರೇ. ಅವರಲ್ಲಿ ಯಾವ ವರ್ಷವೂ ಬಸುರಿಯರಿಲ್ಲದೆ ಇಲ್ಲ.

ಪಶ್ಚಿಮದ ಪುಸ್ತಕಗಳು ವರ್ಣಿಸುವ ಕೆಂಪು ಬಳೆ ಬಿಳಿಯ ಚರ್ಮದ ಮೇಲೆ ಎದ್ದು ಕಾಣುತ್ತದೆ. ನಮ್ಮ ಎಣ್ಣೆಗಪ್ಪಿನ ಮೈಮೇಲೆ ಅದು ಮಸಕು ಕಲೆಯಂತೆ ಇದ್ದು ಮಾಯವಾಗಬಹುದು. ಹೇಳಿದರೆ ತಾನೆ ವೈದ್ಯನಿಗೆ ತಿಳಿಯುವುದು? ಕೇಳಿದರೆ ತಾನೆ ಆಕೆ ಹೇಳುವುದು? ಉಣ್ಣೆ ಕಚ್ಚಿದ ಕೂಡಲೆ ರೋಗ ದಾಟುವುದಿಲ್ಲ. ಅಮೆರಿಕದ ಉಣ್ಣೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು. ಆದ್ದರಿಂದ ಕಾಡಿನಿಂದ ಬಂದೊಡನೆ ಮೈ ತಡವಿ ನೋಡಿ, ಸೀಮೆಎಣ್ಣೆ ಸುರಿಯದೆ, ಬೀಡಿಯ ಕಿಡಿ ಮುಟ್ಟಿಸದೆ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆದು ತೆಗೆದರೆ ಅರ್ಧ ಕೆಲಸ ಆದಂತೆಯೆ.

ಉಳಿದರ್ಧ ಬರೆದಿಡುವ ಕೆಲಸ. ನಮ್ಮ ಬಸುರಿಯರ ಕೈಯಲ್ಲಿ ಈಗ ತಾಯಿ ಕಾರ್ಡ್ ಇದೆ. ರಕ್ತದ ಪ್ರಮಾಣ, ಒತ್ತಡ, ತೂಕ, ಚುಚ್ಚುಮದ್ದು ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಕಾಡಂಚಿನ ಹೋಬಳಿಗಳಲ್ಲಿ ‘ಉಣ್ಣೆ ಕಚ್ಚಿತ್ತೆ? ಯಾವಾಗ? ಆಮೇಲೆ ಜ್ವರವೋ ಕಲೆಯೋ ಬಂತೆ?’ ಎಂದು ಕೇಳಿ ಒಂದು ಸಾಲು ಬರೆಯುವುದಕ್ಕೆ ಆಶಾ ಕಾರ್ಯಕರ್ತೆಗೆ ಒಂದು ಗಳಿಗೆ ಸಾಕು. ಆ ಸಾಲು ಹತ್ತು ವರ್ಷ ಕೂಡಿಕೊಂಡರೆ, ನಾಗರಹೊಳೆಯ ತಾಯಿ ಕೇಳುವ ಪ್ರಶ್ನೆಗೆ ವೆಸ್ಟ್‌ಚೆಸ್ಟರಿನಿಂದಲೋ ಲ್ಯುಬ್ಲಿಯಾನದಿಂದಲೋ ಉತ್ತರ ತರಿಸಬೇಕಾಗಿಲ್ಲ. ಒಂದು ಸಾವನ್ನು ಕಂಡು ಎಲ್ಲರನ್ನೂ ಹೆದರಿಸುವ ತಪ್ಪೂ, ಸಾವಿರ ಹೆರಿಗೆಗಳನ್ನು ಎಣಿಸಿ ಯಾರೂ ಹೆದರಬೇಕಾಗಿಲ್ಲವೆನ್ನುವ ತಪ್ಪೂ ಎರಡೂ ಆಗದಂತೆ ನೋಡಿಕೊಳ್ಳಲು ಬೇರೆ ದಾರಿಯಿಲ್ಲ.

ಪಾಲಿ ಮರ್ರೆ 2019ರಲ್ಲಿ ತೀರಿಕೊಂಡರು. ಆಕೆ ವೈದ್ಯೆಯಲ್ಲ, ವಿಜ್ಞಾನಿಯೂ ಅಲ್ಲ. ತನ್ನ ಮಕ್ಕಳ ನೋವನ್ನು ತಾರೀಖು ಹಾಕಿ ಬರೆದಿಟ್ಟ ಒಬ್ಬ ತಾಯಿ. ಓದುಬರಹ ಬಾರದ ನಮ್ಮ ಹಾಡಿಯ ತಾಯಿಗೂ ಅಂಥ ನೆನಪುಂಟು. ಯಾವ ಮಳೆಗೆ ಮುನ್ನ ಜ್ವರ ಬಂತು, ಯಾವ ಹಬ್ಬದ ಹೊತ್ತಿಗೆ ಕೂಸು ಹುಟ್ಟಿತು ಎಂಬುದು ಆಕೆಯ ನಾಲಗೆಯ ತುದಿಯಲ್ಲೇ ಇರುತ್ತದೆ. ಅದನ್ನು ಕೇಳಿ ಬರೆದುಕೊಳ್ಳುವ ಕೈ ಬೇಕಾಗಿದೆ.